ಮೆಟ್ಟಿಲುಬಾವಿಯಿಂದ ಪರದೇಶದ ತರಗತಿಗೆ

ಮಗಳನ್ನು ಓದಲೆಂದು ಪರದೇಶಕ್ಕೆ ಕಳಿಸುವ ಮುನ್ನ ತಂದೆಯಾದವನು ಏನೇನು ಮಾಡುತ್ತಾನೆ? ಪಾಸ್‌ಪೋರ್ಟ್ ಮಾಡಿಸುತ್ತಾನೆ, ಬ್ಯಾಂಕಿಗೆ ಅಲೆಯುತ್ತಾನೆ, ದಪ್ಪನೆಯ ಸ್ವೆಟರ್ ಕೊಳ್ಳುತ್ತಾನೆ. ನಮ್ಮ ಭಾವನವರು ಇದನ್ನೆಲ್ಲ ಮಾಡಿದರು. ಜೊತೆಗೆ ಮಗಳ ಹಟಕ್ಕೆ ಮಣಿದು, ಕಳೆದ ಬೇಸಿಗೆಯಲ್ಲಿ ಎರಡು ದಿನ ಯಾದಗಿರಿ, ಶಹಾಪುರ, ಸುರಪುರಗಳ ಸುತ್ತ ಹಳೆಯ ಬಾವಿಗಳನ್ನು ನೋಡುತ್ತ ತಿರುಗಿದರು. ಅವರ ಜೊತೆ ನಾನೂ ಇದ್ದೆ.

ಅಕ್ಕನ ಮಗಳು ನರ್ಸಿಂಗ್ ಪದವಿ ಮುಗಿಸಿ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ದುಡಿದವಳು. ಯುರೋಪಿನ ವಿಶ್ವವಿದ್ಯಾಲಯವೊಂದರಲ್ಲಿ ಜಾಗತಿಕ ಆರೋಗ್ಯ ನೀತಿಯ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಳಿಗೆ ಸೀಟು ದೊರೆತಿತ್ತು. ಶುಲ್ಕದಲ್ಲಿ ಅರ್ಧ ಮಾಫಿ. ಉಳಿದರ್ಧಕ್ಕೂ ಊಟ ವಸತಿಗೂ ಸಾಲವೇ ಗತಿ. ಸಾಲಕ್ಕೆ ಭದ್ರತೆಯೆಂದರೆ ನಾಲ್ಕು ಎಕರೆ ಹೊಲದ ಕಾಗದಪತ್ರ.

"ಡಾಕ್ಟರಕಿ ಅಲ್ಲ, ಇಂಜಿನಿಯರಿಂಗ್ ಅಲ್ಲ. ಇದೆಂಥಾ ಓದು?" ಎಂಬುದು ಭಾವನವರ ಪ್ರಶ್ನೆ. ಅದು ಅವರೊಬ್ಬರದೇ ಪ್ರಶ್ನೆಯಲ್ಲ. ಈ ಭಾಗದ ಎಷ್ಟೋ ಮನೆಗಳಲ್ಲಿ ತಂದೆ ತಾಯಿಯರು ಕೇಳುವ ಪ್ರಶ್ನೆ.

ಅಷ್ಟರಲ್ಲಿ ವಿಶ್ವವಿದ್ಯಾಲಯದಿಂದ ಪತ್ರ ಬಂತು. ತರಗತಿ ಶುರುವಾಗುವ ಮೊದಲೇ ವಿದ್ಯಾರ್ಥಿಗಳನ್ನು ಐದೈದು ಜನರ ತಂಡಗಳಾಗಿ ಹಂಚಿದ್ದರು. ಇವಳ ತಂಡದಲ್ಲಿ ಘಾನಾ ದೇಶದ ಒಬ್ಬ ನರ್ಸ್, ನೇಪಾಳದ ಒಬ್ಬ ವೈದ್ಯ, ಬ್ರೆಜಿಲ್‌ನ ಒಬ್ಬಾಕೆ, ಅರ್ಥಶಾಸ್ತ್ರ ಓದಿದ ಒಬ್ಬ ಜರ್ಮನ್ ಹುಡುಗ. ಮೊದಲ ವಾರದಲ್ಲಿ ಪ್ರತಿಯೊಬ್ಬರೂ ತಮ್ಮ ಜಿಲ್ಲೆಯ ಒಂದು ಆರೋಗ್ಯ ಸಮಸ್ಯೆಯನ್ನು ಹತ್ತು ನಿಮಿಷದಲ್ಲಿ ಉಳಿದ ನಾಲ್ವರಿಗೆ ತಿಳಿಸಬೇಕು. ಅದು ಬಗೆಹರಿದದ್ದಾದರೂ ಸರಿ, ಅರ್ಧಕ್ಕೆ ನಿಂತದ್ದಾದರೂ ಸರಿ. ಪುಸ್ತಕದಿಂದ ಎತ್ತಿದ್ದು ಬೇಡ, ಕಣ್ಣಾರೆ ನೋಡಿದ್ದು ಬೇಕು ಎಂದು ಬರೆದಿದ್ದರು.

ಆಕೆ ಆರಿಸಿಕೊಂಡದ್ದು ಬಾವಿಯನ್ನು. "ಬಾವಿ ನೋಡಾಕ ಯುರೋಪಿಗಿ ಯಾಕ ಹೋಗ್ಬೇಕವಾ? ಬಾವಿ ಇಲ್ಲೇ ಅದಾವ" ಎಂದು ಭಾವನವರು ನಕ್ಕರು. ಆದರೂ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು.

ಕೋಟೆಯ ಊರಿನಲ್ಲಿ

ಮುಂಬೈ-ಚೆನ್ನೈ ರೈಲುಮಾರ್ಗದ ಮೇಲಿರುವ ಯಾದಗಿರಿಗೆ ಬೆಂಗಳೂರಿನಿಂದ ನೇರ ರೈಲುಗಳಿವೆ. ಊರಿನ ನಡುವೆ ಬಂಡೆಗುಡ್ಡ, ಗುಡ್ಡದ ಮೇಲೆ ಕೋಟೆ. ಬಿಸಿಲೇರುವ ಮುನ್ನ ಹತ್ತಿದರೆ ಊರೂ ಹೊಲಗಳೂ ಒಟ್ಟಿಗೆ ಕಾಣುತ್ತವೆ. ಒಂಬತ್ತು ಗಂಟೆಯ ಮೇಲೆ ಹತ್ತುವವರು ನೀರಿನ ಬಾಟಲಿ ಮರೆಯಬಾರದು. ಕೆಳಗಿಳಿದು ಬಂದು ಸುಸಲಾ, ಮಿರ್ಚಿ ತಿನ್ನುವಾಗ ಹುಡುಗಿ ಮೆಲ್ಲಗೆ ಕೇಳಿದಳು: "ಮಾಮಾ, ಅಲ್ಲಿ ನಮ್ಮ ಜಿಲ್ಲಾ ಹೆಂಗದ ಅಂತ ಕೇಳಿದ್ರ ಏನ್ ಹೇಳ್ಲಿ? ಹಿಂದುಳಿದದ್ದು ಅಂತ ಹೇಳ್ಲೇನು?"

ಪ್ರಶ್ನೆ ಸುಲಭದ್ದಲ್ಲ. ಯಾದಗಿರಿ ಜಿಲ್ಲೆ ಹುಟ್ಟಿದ್ದೇ 2009ರ ಡಿಸೆಂಬರ್ 30ರಂದು, ಅಂದಿನ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇಕಡಾ 52ರಷ್ಟು, ರಾಜ್ಯದಲ್ಲೇ ಅತಿ ಕಡಿಮೆ. ಆಗ ಇಡೀ ರಾಜ್ಯದ ಸರಾಸರಿ ಶೇಕಡಾ 75 ದಾಟಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಸೇರಿದವು ರಾಯಚೂರು, ಯಾದಗಿರಿ ಎರಡೇ. ಹೆಸರು ಚಂದವಾಗಿದೆ, ಅರ್ಥ ಎಲ್ಲರಿಗೂ ಗೊತ್ತು. ಬೇಸಿಗೆ ಬಂತೆಂದರೆ ಇಲ್ಲಿಂದ ಬೆಂಗಳೂರು, ಮುಂಬೈ, ಪುಣೆಗಳಿಗೆ ಗುಳೆ ಹೋಗುವ ಕುಟುಂಬಗಳನ್ನು ಬಸ್ ನಿಲ್ದಾಣದಲ್ಲಿ ಇಂದಿಗೂ ನೋಡಬಹುದು.

ಹಾಗಾದರೆ ಅವಳು ಓದಲು ಹೊರಟ ವಿಷಯವಾದರೂ ಯಾವುದು? ರೋಗಕ್ಕೆ ಮದ್ದು ಕೊಡುವುದನ್ನು ವೈದ್ಯಶಾಸ್ತ್ರ ಕಲಿಸುತ್ತದೆ. ಇದ್ದ ಹಣದಲ್ಲಿ ಯಾವ ರೋಗಕ್ಕೆ ಮೊದಲು ಕೈಹಾಕಬೇಕು, ಆಸ್ಪತ್ರೆ ಕಟ್ಟಬೇಕೋ ನೀರು ಕೊಡಬೇಕೋ, ಒಂದು ದೇಶದಲ್ಲಿ ಫಲಿಸಿದ ಉಪಾಯ ಇನ್ನೊಂದರಲ್ಲಿ ಏಕೆ ಸೋಲುತ್ತದೆ, ಇಂಥ ತೀರ್ಮಾನಗಳನ್ನು ಸರ್ಕಾರಗಳೂ ವಿಶ್ವ ಆರೋಗ್ಯ ಸಂಸ್ಥೆಯೂ ಹೇಗೆ ಮಾಡುತ್ತವೆ ಎಂಬುದನ್ನು ಈ ಓದು ಕಲಿಸುತ್ತದೆ. ಬೇರೆ ಬೇರೆ ದೇಶದವರನ್ನು ಒಂದೇ ಮೇಜಿನ ಸುತ್ತ ಕೂರಿಸುವುದು ಶೋಕಿಗಲ್ಲ. ನಾಳೆ ಇಂಥ ತೀರ್ಮಾನಗಳು ಆಗುವುದು ಅಂಥದೇ ಮೇಜಿನ ಸುತ್ತ.

ಭಾವನವರು ಇದನ್ನೆಲ್ಲ ಕೇಳಿ, "ಆ ಮೇಜಿನ ಮ್ಯಾಲ ನಮ್ಮಕಿ ಏನ್ ಇಡ್ತಾಳ?" ಎಂದರು. ಉತ್ತರ ಹುಡುಕಿಕೊಂಡು ನಾವು ಶಹಾಪುರದ ಬಸ್ ಹತ್ತಿದೆವು.

ಪಾವಟಿಗಿ ಇಳಿದವರು

ಯಾದಗಿರಿ ಬಿಟ್ಟ ಸ್ವಲ್ಪ ಹೊತ್ತಿಗೇ ಭೀಮಾ ನದಿಯ ಸೇತುವೆ. ಅಲ್ಲಿಂದಾಚೆ ಭೀಮಾ, ಕೃಷ್ಣೆಯರ ನಡುವಿನ ಸೀಮೆ. ನಾರಾಯಣಪುರ ಜಲಾಶಯದ ಕಾಲುವೆ ನೀರು ಬಂದ ಕಡೆ ಭತ್ತದ ಗದ್ದೆ, ಬಾರದ ಕಡೆ ತೊಗರಿ, ಹತ್ತಿ. ಯಾದಗಿರಿಯಿಂದ ಶಹಾಪುರ ಸುಮಾರು 35 ಕಿಲೋಮೀಟರು. ಊರ ಬಳಿಯ ಬೆಟ್ಟಸಾಲನ್ನು ಒಂದು ಕೋನದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲವನ್ನೂ ಬೆರಳು ಮಾಡಿ ತೋರಿಸಬಹುದು. ಹತ್ತಿರದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದವರು ಸಾಲುಸಾಲಾಗಿ ಜೋಡಿಸಿಟ್ಟ ಬಂಡೆಗಳಿವೆ. ಪ್ರವಾಸಿಗರು ತಪ್ಪಿಸಿಕೊಳ್ಳಬಾರದ ಜಾಗ.

ನಾವು ಹೋದದ್ದು ಅಲ್ಲಿಂದ ಮುಂದಿನ ಒಂದು ಹಳ್ಳಿಗೆ. ಊರ ಹೊರಗೆ ಹಳೆಯ ಮೆಟ್ಟಿಲುಬಾವಿ. ಮೆಟ್ಟಿಲುಗಳ ಬಾಯಿಗೆ ಕಲ್ಲಿನ ಗೋಡೆ ಎದ್ದಿದೆ. ನೀರಿನ ಮೇಲೆ ಪಾಚಿ, ಪ್ಲಾಸ್ಟಿಕ್ಕು. ಬೇವಿನ ಮರದಡಿ ಕುಳಿತಿದ್ದ ಎಂಬತ್ತರ ಹತ್ತಿರದ ಮುತ್ಯಾ ಒಬ್ಬರು ನಮ್ಮನ್ನು ನೋಡಿ, "ಯಾವೂರವರಿ? ಬಾಂವಿಯಾಗ ಏನ್ ಹುಡುಕ್ಲಿಕತ್ತೀರಿ?" ಎಂದು ಕೇಳಿದರು.

"ನಾರುಹುಣ್ಣಿನ ಕಥಿ ಕೇಳಾಕ ಬಂದೀವಿ ಮುತ್ಯಾ" ಎಂದಳು ಹುಡುಗಿ.

ಅವರು ಮಾತಾಡಲಿಲ್ಲ. ಧೋತರ ಮೇಲೆತ್ತಿ ಬಲಗಾಲಿನ ಹಿಮ್ಮಡಿಯ ಮೇಲೆ ಎರಡು ಕಡೆ ಗಂಟುಗಟ್ಟಿದ ಗಾಯದ ಕಲೆ ತೋರಿಸಿದರು.

ಇಂದಿನ ಮಕ್ಕಳು ನಾರುಹುಣ್ಣನ್ನು ನೋಡಿಲ್ಲ, ಅದೇ ದೊಡ್ಡ ಸುದ್ದಿ. ಕೆರೆ, ಮೆಟ್ಟಿಲುಬಾವಿಗಳ ನಿಂತ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ನೀರ್ಚಿಗಟ ಇರುತ್ತದೆ. ಅದರ ಹೊಟ್ಟೆಯಲ್ಲಿ ಈ ಹುಳುವಿನ ಮರಿ. ನೀರು ಕುಡಿದವನ ಮೈಯಲ್ಲಿ ಅದು ಸುಮಾರು ಒಂದು ವರ್ಷ ಬೆಳೆದು, ಮೂರಡಿಯವರೆಗೂ ಉದ್ದವಾಗಿ, ಸಾಮಾನ್ಯವಾಗಿ ಕಾಲಿನಲ್ಲಿ ಬೊಬ್ಬೆಯೆಬ್ಬಿಸಿ ಹೊರಬರುತ್ತದೆ. ಬೆಂಕಿಯಿಟ್ಟಂಥ ಉರಿ. ಉರಿ ತಣಿಯಲೆಂದು ಕಾಲನ್ನು ಬಾವಿಯ ನೀರಿಗಿಟ್ಟರೆ ಹುಳು ಸಾವಿರಾರು ಮರಿಗಳನ್ನು ಅದೇ ನೀರಿಗೆ ಬಿಡುತ್ತದೆ. ಕುಡಿದವರಿಗೆ ಮತ್ತೆ ಅದೇ ಪಾಡು. ಇದಕ್ಕೆ ಲಸಿಕೆಯಿಲ್ಲ, ವಾಸಿಮಾಡುವ ಮದ್ದಿಲ್ಲ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಮೆಲ್ಲಗೆ ಎಳೆಯಬೇಕು. ಹರಿದರೆ ಕಾಲೇ ಬಾತು ಕೊಳೆಯುತ್ತದೆ.

"ಬಿತ್ತೋ ಹೊತ್ನ್ಯಾಗ ನಾರು ಏಳತಿತ್ರಿ. ಎರಡ ತಿಂಗಳ ಮಲಗಿದ್ನಿ. ಆ ವರ್ಷ ಹೊಲ ಬೀಳ ಬಿತ್ತು," ಎಂದರು ಮುತ್ಯಾ. ಮೊದಲು ಜನ ಉಷ್ಣವೆಂದೂ ದೇವರ ಕಾಟವೆಂದೂ ತಿಳಿದಿದ್ದರಂತೆ. ಆಮೇಲೆ ಆರೋಗ್ಯ ಇಲಾಖೆಯವರು ಬಂದು, ಗಾಜಿನ ಲೋಟದಲ್ಲಿ ನೀರು ಹಿಡಿದು ಅದರೊಳಗೆ ಜಿಗಿಯುವುದನ್ನು ತೋರಿಸಿದರು. ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಕಾಲು ಅದ್ದಬೇಡಿ ಎಂದರು. ಮನೆಯಲ್ಲಿ ಸೋಸಿದರು. ಆದರೆ ಹೊಲದಲ್ಲಿ, ದಾರಿಯಲ್ಲಿ, ಕುರಿ ಕಾಯುವಲ್ಲಿ ಯಾರು ಸೋಸುತ್ತಾರೆ? ನೀರು ತುಂಬಬೇಕಾದರೆ ಪಾವಟಿಗಿ ಇಳಿದು ಮೊಣಕಾಲುದ್ದ ನೀರಿಗೆ ನಿಲ್ಲಲೇಬೇಕಿತ್ತು.

ಆಗ ಅವರು ಹೇಳಿದ ಮಾತನ್ನು ಹುಡುಗಿ ಅಲ್ಲಿಯೇ ಪುಸ್ತಕದಲ್ಲಿ ಬರೆದುಕೊಂಡಳು: "ತಿಳುವಳಿಕಿ ಬಂದಿತ್ರವಾ. ಬ್ಯಾರೆ ನೀರು ಬಂದಿದ್ದಿಲ್ಲ."

ಬೇರೆ ನೀರು ಬಂದದ್ದು ಬೋರಿಂಗ್ ಕೊರೆದ ಮೇಲೆ. ಜೊತೆಗೇ ಪಾವಟಿಗಿಗೆ ಗೋಡೆ ಕಟ್ಟಿ, ಮೇಲಿನಿಂದ ಹಗ್ಗ ಹಾಕಿ ಸೇದುವಂತೆ ಮಾಡಿದರು. ಎರಡು ಮೂರು ವರ್ಷದಲ್ಲಿ ಊರಿನಿಂದ ನಾರು ಹೋಯಿತು.

ಈ ಒಂದು ಬಾವಿಯ ಹಿಂದೆ ಇಡೀ ಜಗತ್ತಿನ ತೀರ್ಮಾನವೊಂದಿತ್ತು. ವಿಶ್ವಸಂಸ್ಥೆ 1981ರಿಂದ 1990ರವರೆಗಿನ ಅವಧಿಯನ್ನು ಕುಡಿಯುವ ನೀರಿನ ದಶಕವೆಂದು ಸಾರಿತ್ತು. ಭಾರತ 1983-84ರಲ್ಲಿ ನಾರುಹುಣ್ಣು ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 1984ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಉತ್ತರ ಕರ್ನಾಟಕದ ಒಣಸೀಮೆ ಅದರ ತವರುಗಳಲ್ಲೊಂದು. ದೇಶದ ಕೊನೆಯ ರೋಗಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ 1996ರ ಜುಲೈನಲ್ಲಿ ಕಂಡುಬಂದ. 2000ದ ಫೆಬ್ರವರಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರನ್ನು ಕಾಡುತ್ತಿದ್ದ ಈ ರೋಗ 2023ರಲ್ಲಿ ಕಂಡದ್ದು ಬರೀ 14 ಜನರಲ್ಲಿ. ಮದ್ದಿಲ್ಲದೆ, ಲಸಿಕೆಯಿಲ್ಲದೆ, ನೀರನ್ನು ಸರಿಪಡಿಸಿಯೇ ಇಷ್ಟು ಸಾಧ್ಯವಾಯಿತು.

ಸುರಪುರದ ಕವಲುದಾರಿ

ಮರುದಿನ ಸುರಪುರ. ಸುತ್ತ ಗುಡ್ಡಗಳು, ನಡುವೆ ನಾಯಕ ಅರಸರ ಊರು. ಎತ್ತರದಲ್ಲಿ ಟೇಲರ್ ಮಂಜಿಲ್. 1841ರಿಂದ 1853ರವರೆಗೆ ಇಲ್ಲಿ ಆಡಳಿತ ನಡೆಸಿದ ಫಿಲಿಪ್ ಮೆಡೋಸ್ ಟೇಲರ್ 1844ರಲ್ಲಿ ಕಟ್ಟಿಸಿದ ಬಂಗಲೆ ಅದು. ಹದಿನೈದನೆಯ ವಯಸ್ಸಿಗೆ ಭಾರತಕ್ಕೆ ಬಂದ ಈತ ಕಾನೂನು, ಭೂಮಾಪನವನ್ನೆಲ್ಲ ಇಲ್ಲಿಯೇ ತಾನಾಗಿ ಕಲಿತವನು. ನಿನ್ನೆ ನೋಡಿದ ವಿಭೂತಿಹಳ್ಳಿಯ ಕಲ್ಲುಗಳ ಬಗ್ಗೆ ಬರೆದು ಹೊರಜಗತ್ತಿಗೆ ತಿಳಿಸಿದವನೂ ಇವನೇ. ಬಾಲಕ ರಾಜಾ ವೆಂಕಟಪ್ಪ ನಾಯಕ ಅವನನ್ನು "ಅಪ್ಪಾ" ಎಂದು ಕರೆಯುತ್ತಿದ್ದನಂತೆ. ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೆರೆಯಾದ, ಆ ವರ್ಷವೇ ಸತ್ತ. ಹನ್ನೆರಡು ವರ್ಷ ಇದ್ದು ಪ್ರೀತಿ ಗಳಿಸಿದ ಪರದೇಶಿಯ ಸ್ನೇಹವೂ ಆ ರಾಜ್ಯವನ್ನು ಉಳಿಸಲಿಲ್ಲ. ಬೇರೆ ದೇಶದವರ ಜೊತೆ ಕೂತು ಕಲಿಯುವವರು ಯೋಚಿಸಬೇಕಾದ ಕಥೆ ಇದು.

ಬಂಗಲೆಯ ಮುಂದೆ ನಿಂತು ಹುಡುಗಿ ಹೇಳಿದಳು: "ಇಲ್ಲಿಂದ ಊರೆಲ್ಲ ಕಾಣ್ತದ ಮಾಮಾ. ಆದ್ರ ನೀರಾಗ ಏನದ ಅಂತ ಕಾಣಂಗಿಲ್ಲ."

ಅವಳ ಮನಸ್ಸಿನಲ್ಲಿದ್ದದ್ದು ಇದೇ ತಾಲ್ಲೂಕಿನ ಕಿರದಳ್ಳಿ ತಾಂಡಾ. ಮಂಗಳೂರು ಎಂಬ ಹಳ್ಳಿಯ ಹತ್ತಿರ (ಕಡಲತೀರದ ಮಂಗಳೂರಲ್ಲ) ಹಿಂದೆ ಚಿನ್ನದ ಗಣಿಯಿತ್ತು. ಆ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇರುವುದನ್ನು ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರಬೊರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಪರೀಕ್ಷಿಸಿದ 59 ಕೊಳವೆಬಾವಿಗಳ ಪೈಕಿ ಶೇಕಡಾ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಮಿನ ಮಿತಿಯನ್ನು ಮೀರಿತ್ತು. ಒಂದರಲ್ಲಂತೂ 303. ತಪಾಸಣೆಗೆ ಬಂದ 181 ಜನರಲ್ಲಿ ಶೇಕಡಾ 58.6ರಷ್ಟು ಮಂದಿಯ ಚರ್ಮದ ಮೇಲೆ ಅದರ ಗುರುತುಗಳಿದ್ದವು. ಇದರಲ್ಲಿ ನೆಲದೊಳಗಿನ ಬಂಡೆಯ ಪಾಲೆಷ್ಟು, ಹಳೆಯ ಗಣಿಯ ಪಾಲೆಷ್ಟು ಎಂಬುದಕ್ಕೆ ಇನ್ನೂ ಅಧ್ಯಯನ ಬೇಕು ಎಂದು ಅವರು ಬರೆದಿದ್ದರು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮೆಟ್ಟಿಲುಬಾವಿಯ ನಾರಿನಿಂದ ಶಹಾಪುರದ ಮುತ್ಯಾನನ್ನು ಪಾರುಮಾಡಿದ್ದು ಬೋರಿಂಗ್. ಅದೇ ಬೋರಿಂಗ್ ಇನ್ನೊಂದು ತಾಲ್ಲೂಕಿನ ತಾಂಡಾದಲ್ಲಿ, ಬಣ್ಣವೂ ರುಚಿಯೂ ಇಲ್ಲದ ವಿಷವನ್ನು ಮೇಲೆತ್ತಿತು. ಎರಡೂ ಕಡೆ ಜನ ಕೇಳಿದ್ದು ಒಂದು ಕೊಡ ನೀರು. ನೀತಿ ಮಾಡುವವರ ಕೆಲಸ ಕೊಳವೆ ಕೊರೆಸಿ ಫೋಟೋ ತೆಗೆಸಿಕೊಂಡಲ್ಲಿಗೆ ಮುಗಿಯುವುದಿಲ್ಲ. ಬಂದ ನೀರನ್ನು ವರ್ಷ ವರ್ಷವೂ ಪರೀಕ್ಷಿಸುವವರು ಬೇಕು.

ಕವಲುದಾರಿಯಲ್ಲಿ ಆಟೋದವನು, "ತಾಂಡಾಕ ಹೋಗೂದೇನ್ರಿ?" ಎಂದ. ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. "ಬ್ಯಾಡ" ಎಂದಳು ಕೊನೆಗೆ. "ಅವರ ಕೈ, ಕಾಲು ನೋಡಾಕ ಈಗಾಗ್ಲೇ ಭಾಳ ಮಂದಿ ಬಂದು ಹೋಗ್ಯಾರ. ನಾ ಈಗ ಹೋದ್ರ ಅವರಿಗೇನು ಕೊಡ್ತೀನಿ? ಬರೇ ನನ್ನ ಹತ್ತು ನಿಮಿಷದ ಸಲುವಾಗಿ ಹೋದಂಗ ಆಗ್ತದ." ಬರೆದದ್ದನ್ನು ಓದಿ ಹೇಳುತ್ತೇನೆ, ಕೆಲಸ ಮಾಡುವ ಶಕ್ತಿ ಬಂದ ದಿನ ಹೋಗುತ್ತೇನೆ ಎಂದಳು.

ಭಾವನವರು ಮಗಳ ಮುಖವನ್ನೇ ನೋಡಿದರು. ಆಟೋ ಹಿಂದಕ್ಕೆ ತಿರುಗಿತು. ಹೊಲದ ಕಾಗದಪತ್ರದ ಬಗ್ಗೆ ಅವರ ಮನಸ್ಸು ಗಟ್ಟಿಯಾದದ್ದು ಆ ಕವಲುದಾರಿಯಲ್ಲೇ ಎಂದು ನನಗೆ ಅನ್ನಿಸಿತು.

ನಮ್ಮ ಹಳ್ಳಿಯಿಂದ ಜಗತ್ತಿಗೆ

ಅಲ್ಲಿಂದ ಕಲಿತು ಬರುವುದು ಇದ್ದದ್ದೇ. ಇಲ್ಲಿಂದ ಜಗತ್ತು ಕಲಿತದ್ದೂ ಇದೆ. ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ ಹಳ್ಳಿಗಳಲ್ಲಿ, ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರೂ ಅಮೆರಿಕದ ಸಂಶೋಧಕರೂ ಒಟ್ಟಾಗಿ 2002ರಿಂದ 2005ರವರೆಗೆ ಒಂದು ಪರೀಕ್ಷೆ ನಡೆಸಿದರು. ಹೆರಿಗೆಯಾದ ಕೂಡಲೇ ತಾಯಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರೆ ರಕ್ತಸ್ರಾವ ತಗ್ಗುವುದೇ ಎಂಬುದು ಪ್ರಶ್ನೆ. ಹೆರಿಗೆ ಮಾಡಿಸಿದವರು ಹಳ್ಳಿಯ ದಾದಿಯರು. 1620 ತಾಯಂದಿರ ಪೈಕಿ ಮಾತ್ರೆ ಪಡೆಯದ ಗುಂಪಿನಲ್ಲಿ ಶೇಕಡಾ 12ರಷ್ಟಿದ್ದ ಅತಿ ರಕ್ತಸ್ರಾವ, ಮಾತ್ರೆ ಪಡೆದವರಲ್ಲಿ ಶೇಕಡಾ 6.4ಕ್ಕೆ ಇಳಿಯಿತು. ಲ್ಯಾನ್ಸೆಟ್ ಪತ್ರಿಕೆ ಇದನ್ನು 2006ರಲ್ಲಿ ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕೆ ಮಾತ್ರೆಯನ್ನು ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ಸೂಜಿ ಬೇಡ, ಫ್ರಿಜ್ ಬೇಡ.

ಇನ್ನೊಂದು ಉದಾಹರಣೆ ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರದು. 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿ ಹೆಗ್ಗಡದೇವನಕೋಟೆಯ ಕಾಡಂಚಿನ ಜನರ ನಡುವೆ ವರ್ಷಗಟ್ಟಲೆ ದುಡಿದ ಮೇಲೆ ಅವರು ಹಾರ್ವರ್ಡ್‌ಗೆ ಹೋಗಿ ಸಾರ್ವಜನಿಕ ಆಡಳಿತ ಓದಿದರು. ಮುಂದೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೈಸೂರಿಗೆ ಬಂದು ಆ ಸಂಸ್ಥೆಯಲ್ಲಿ ಕಲಿತರು. ಮೊದಲು ನೆಲ, ಆಮೇಲೆ ತರಗತಿ. ಈ ಕ್ರಮ ಗಮನಿಸುವಂಥದ್ದು.

ಪಾಲಕರಿಗೆ ಎರಡು ಮಾತು

ಪದವಿ ಮುಗಿದ ಕೂಡಲೇ ಮಕ್ಕಳನ್ನು ಈ ಓದಿಗೆ ಅಟ್ಟಬೇಡಿ. ಒಂದೆರಡು ವರ್ಷ ಆಸ್ಪತ್ರೆಯಲ್ಲೋ ಹಳ್ಳಿಯಲ್ಲೋ ಕೆಲಸ ಮಾಡಲಿ. ತಂಡದಲ್ಲಿ ಅವರ ಮಾತಿಗೆ ಬೆಲೆ ಬರುವುದು ಅದರಿಂದಲೇ. ಹೊಲ ಅಡವಿಡುವ ಮೊದಲು ವಿದ್ಯಾರ್ಥಿವೇತನಗಳನ್ನು ವಿಚಾರಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ರಾಜ್ಯದ ಪ್ರಬುದ್ಧ ಯೋಜನೆಗಳಿವೆ. ಎಲ್ಲರಿಗೂ ತೆರೆದ ಕಾಮನ್‌ವೆಲ್ತ್, ಚೀವ್ನಿಂಗ್, ಎರಾಸ್ಮಸ್ ಮುಂಡಸ್ ವೇತನಗಳೂ ಇವೆ. ನಿಯಮಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ಆ ವರ್ಷದ ಪ್ರಕಟಣೆಯನ್ನೇ ನೋಡಿ. ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಇದೇ ವಿಷಯ ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗಳಲ್ಲೂ ಉಂಟು, ಖರ್ಚು ಎಷ್ಟೋ ಕಡಿಮೆ. ಕಲಿತು ಬಂದವರಿಗೆ ಕೆಲಸ ಕಾದು ಕುಳಿತಿರುತ್ತದೆ ಎಂದೂ ನಂಬಬೇಡಿ, ಅದನ್ನು ಹುಡುಕಿಕೊಳ್ಳಬೇಕು.

ವಿದ್ಯಾರ್ಥಿಗಳಿಗೆ ಒಂದೇ ಮಾತು. ಹಿರಿಯರ ಮುಂದೆ ಸುಮ್ಮನಿರುವುದು ನಮ್ಮಲ್ಲಿ ಮರ್ಯಾದೆ. ಅಲ್ಲಿನ ತಂಡದಲ್ಲಿ ಸುಮ್ಮನಿದ್ದರೆ ಹೇಳಲು ಏನೂ ಇಲ್ಲವೆಂದೇ ತಿಳಿಯುತ್ತಾರೆ.

ಅಕ್ಟೋಬರಿನ ಫೋನು

ಇದು ಅವಳಿಗೂ ಅನುಭವಕ್ಕೆ ಬಂತು. ಅಕ್ಟೋಬರಿನಲ್ಲಿ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ತನ್ನ ಹತ್ತು ನಿಮಿಷವನ್ನು ಬರೆದದ್ದು ಓದಿ ಮುಗಿಸಿದ್ದಳು. ಆಮೇಲೆ ಬಡ ಜಿಲ್ಲೆಯೊಂದಕ್ಕೆ ನೀರಿನ ರೋಗಗಳ ಯೋಜನೆ ಬರೆಯುವ ಕೆಲಸ ತಂಡಕ್ಕೆ ಬಂತು. ಖರ್ಚಿನ ಮೊದಲ ಸಾಲು "ಜನಜಾಗೃತಿ". ಒಪ್ಪಿಗೆಯೇ ಎಂದು ಜರ್ಮನ್ ಹುಡುಗ ಕೇಳಿದಾಗ ಇವಳು ನಮ್ಮ ಕಡೆಯಂತೆ ತಲೆಯಾಡಿಸಿದಳು. ಅವನು ಹೌದೆಂದು ಬರೆದುಕೊಂಡ. ಎರಡು ಸಭೆ ಹಾಗೆಯೇ ಕಳೆದವು. ಮೂರನೆಯ ಸಭೆಯಲ್ಲಿ ಪುಸ್ತಕ ತೆಗೆದು ಮುತ್ಯಾನ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಳು: ತಿಳುವಳಿಕೆ ಬಂದಿತ್ತು, ಬೇರೆ ನೀರು ಬಂದಿರಲಿಲ್ಲ.

ಘಾನಾದ ನರ್ಸ್ ತಟ್ಟನೆ ಎದ್ದು ನಿಂತನಂತೆ. ಅವರ ದೇಶದಲ್ಲಿ ನಾರುಹುಣ್ಣಿನ ಕೊನೆಯ ರೋಗಿ ಕಂಡದ್ದು 2010ರಲ್ಲಿ, ಪ್ರಮಾಣಪತ್ರ ಸಿಕ್ಕದ್ದು 2015ರಲ್ಲಿ. ತನ್ನ ಅಜ್ಜಿಯ ಕಾಲಿನ ಕಲೆಯ ಬಗ್ಗೆ ಅವನು ಅಲ್ಲಿಯವರೆಗೆ ಬಾಯಿಬಿಟ್ಟಿರಲಿಲ್ಲ. ಎರಡು ತಾಸು ವಾದ ನಡೆಯಿತು. ಜಾಗೃತಿಯೂ ಬೇಕು, ಬಟ್ಟೆಯಲ್ಲಿ ಸೋಸಿದ್ದರಿಂದಲೂ ಎಷ್ಟೋ ರೋಗ ತಪ್ಪಿತು ಎಂದ ನೇಪಾಳದ ವೈದ್ಯ. ಅದೂ ನಿಜವೇ. ಕೊನೆಗೆ ಮೊದಲ ಸಾಲಿಗೆ ನೀರು ಬಂತು, ಎರಡನೆಯದಕ್ಕೆ ಪ್ರತಿವರ್ಷದ ನೀರಿನ ಪರೀಕ್ಷೆ, ಮೂರನೆಯದಕ್ಕೆ ಜಾಗೃತಿ.

"ಅಪ್ಪಾ, ಆ ಬಾಂವಿಗಿ ಗ್ವಾಡಿ ಕಟ್ಟಿದ್ದು ಯಾವ ಇಸ್ವಿ ಅಂತ ಕೇಳ್ಯಾರ. ನಾ ಕೇಳಿಕೊಂಡಿಲ್ಲ" ಎಂದಳು.

ಮುಂದಿನ ಭಾನುವಾರ ಭಾವನವರು ಒಬ್ಬರೇ ಶಹಾಪುರದ ಬಸ್ ಹತ್ತಿದರು. ಮುತ್ಯಾನಿಗೆ ಇಸವಿ ನೆನಪಿರಲಿಲ್ಲ. "ಸೊಸಿ ಮನಿಗಿ ಬಂದ ವರ್ಷರಿ. ಆಕಿ ಒಂದಿನಾನೂ ಪಾವಟಿಗಿ ಇಳೀಲಿಲ್ಲ" ಎಂದರಂತೆ. ಸೊಸೆ ಒಳಗಿನಿಂದ ತವರಿನವರು ಕೊಟ್ಟ ತಾಮ್ರದ ಕೊಡ ತಂದು ಇಟ್ಟಳು. ಕೊಡದ ಕಂಠದ ಮೇಲೆ ಅವಳ ಹೆಸರು, ಅದರ ಕೆಳಗೆ ಇಸವಿ ಕೆತ್ತಿತ್ತು: 1989.